ಊರಮ್ಮ ಕೇಳಿದ ಹಸು

ಹೋದ ಬೇಸಿಗೆಯಲ್ಲಿ ಮಗಳು ಮನೆಗೆ ಬಂದಿದ್ದಾಗ ಫೋನಿನಲ್ಲಿ ಒಂದು ಕೊರಿಯಾ ಸೀರಿಯಲ್ಲು ನೋಡುತ್ತಿದ್ದಳು. ನಾನು ಪಕ್ಕದಲ್ಲಿ ಮೊರ ಇಟ್ಟುಕೊಂಡು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದೆ. ಅವರ ಮಾತು ನನಗೆ ಒಂದೂ ತಿಳಿಯದು, ಮಗಳೇ ನಡುನಡುವೆ ಕತೆ ಹೇಳುತ್ತಿದ್ದಳು. ಪಾಪ ಮಾಡಿದವರನ್ನು ಯಾವುದೋ ಕಾಣದ ಶಕ್ತಿ ಬಂದು ದಂಡಿಸುತ್ತದಂತೆ. ಆ ಶಕ್ತಿಯ ಮನಸ್ಸಿನಲ್ಲಿ ಏನಿದೆ ಅಂತ ನಾನು ಬಲ್ಲೆ ಅನ್ನುವವನೊಬ್ಬ ಹುಟ್ಟಿಕೊಳ್ಳುತ್ತಾನಂತೆ. ಆಮೇಲೆ ಊರಿಗೆ ಊರೇ ಅವನು ಹೇಳಿದ ಹಾಗೆ ಕೇಳುತ್ತದಂತೆ.

“ಏನಮ್ಮಾ, ಹೆದ್ರಿಕೆ ಆಗಲ್ವಾ ನಿಂಗೆ? ನಿನ್ನ ಪಾಡಿಗೆ ನೀನು ಹುಣಸೆಹಣ್ಣು ಬಿಡಿಸ್ತಿದೀಯಲ್ಲ” ಅಂದಳು.

ಹೆದರಿಕೆ ಏನೂ ಆಗಿರಲಿಲ್ಲ. ಅಷ್ಟು ಜನ ಒಬ್ಬನ ಮುಂದೆ ಮಂಡಿಯೂರಿ ತಲೆ ಬಗ್ಗಿಸಿದ್ದು ನೋಡಿ ನನಗೆ ಹೊಟ್ಟೆ ಉರಿದಿತ್ತು. ನನ್ನ ಓರಗಿತ್ತಿ ನೆನಪಾಗಿದ್ದಳು.

ತೊಂಬತ್ತರ ದಶಕದ ನಡುವಿನ ಮಾತು. ಪಾಂಡವಪುರದಿಂದ ಚಿನಕುರಳಿ ಕಡೆಗೆ ಹೋಗುವ ಬಸ್ಸು ಇಳಿದು, ನಾಲೆ ಏರಿಯ ಮೇಲೆ ಸ್ವಲ್ಪ ದೂರ ನಡೆದರೆ ನಮ್ಮ ಊರು. ಮನೆಯಲ್ಲಿ ಅತ್ತೆ, ನನ್ನ ಗಂಡ, ಮೈದುನ, ಸೊಸೆಯರು ನಾವಿಬ್ಬರು, ಇನ್ನೂ ಅಂಬೆಗಾಲಿಡುವ ನನ್ನ ಮಗಳು. ಮಾವ ನಾನು ಮದುವೆಯಾಗಿ ಬರುವ ಮೊದಲೇ ಹೋಗಿದ್ದರು. ನಾನು ಹಿರೀ ಸೊಸೆ, ಕೆ.ಆರ್. ಪೇಟೆ ತಾಲ್ಲೂಕಿನ ಅಕ್ಕಿಹೆಬ್ಬಾಳಿನವಳು, ಹೇಮಾವತಿ ನೀರು ಕುಡಿದು ಬೆಳೆದವಳು. ಬಾಣಂತನ ಮುಗಿಸಿ ಗಂಡನ ಮನೆಗೆ ಹೊರಟಾಗ ಅಪ್ಪ ನನ್ನ ಜೊತೆಗೆ ಒಂದು ಹಸು ಕೊಟ್ಟು ಕಳಿಸಿದರು. ಆಗತಾನೇ ಮೊದಲನೇ ಕರು ಹಾಕಿತ್ತು. ಕಪ್ಪು ಮೈ, ಹಣೆಯಲ್ಲಿ ಬಿಳಿ ಬೊಟ್ಟು. “ಇದ್ರ ಹಾಲು ನಿನ್ನ ಕೂಸಿಗೆ ಕಣವ್ವ. ಒಂದು ಲೋಟ ಹಾಲಿಗೆ ಯಾರ ಮುಖಾನೂ ನೋಡ್ಬೇಡ” ಅಂದಿದ್ದರು. ಟ್ರಾಕ್ಟರಿನ ಹಿಂದೆ ಹುಲ್ಲು ಹಾಸಿ, ತಾಯಿ ಕರು ಎರಡನ್ನೂ ನಿಲ್ಲಿಸಿಕೊಂಡು ಬಂದೆವು.

ಆ ಮನೆಯಲ್ಲಿ ಹೊಲ, ಗದ್ದೆ, ಎತ್ತು, ಒಲೆ, ಒರಳು ಎಲ್ಲವೂ ಮನೆಯವರದು. ಹಸು ಒಂದು ನನ್ನದು. ಬೇರೆಯವರು ಕೆಚ್ಚಲಿಗೆ ಕೈ ಹಾಕಿದರೆ ಒದೆಯುತ್ತಿತ್ತು. ನಾನು ಹತ್ತಿರ ಹೋಗಿ ಕತ್ತು ತುರಿಸಿದರೆ ಸೊರ ಬಿಟ್ಟು ಹಾಲಿಳಿಸುತ್ತಿತ್ತು. ಅದೂ ನನಗೊಂದು ಹೆಮ್ಮೆ.

ಓರಗಿತ್ತಿ ನಾಗಮಂಗಲದ ಆಚೆಯವಳು. ಆ ಕಡೆ ಮಳೆ ನಂಬಿದ ಹೊಲ, ರಾಗಿ, ಹುರುಳಿ. ಅವಳಪ್ಪನಿಗೆ ಮದುವೆ ಮಾಡಿ ಕಳಿಸಿದ್ದೇ ದೊಡ್ಡದು. ಅತ್ತೆ ಅದನ್ನು ಯಾರಿಗೂ ಮರೆಯಲು ಬಿಡುತ್ತಿರಲಿಲ್ಲ. “ದೊಡ್ಡೋಳು ಹಸ ಹೊಡ್ಕಂಡು ಬಂದ್ಲು, ಚಿಕ್ಕೋಳು ಕೈ ಬೀಸ್ಕಂಡು ಬಂದ್ಲು” ಅನ್ನುವರು. ಅವಳು ಅಕ್ಕಿಯನ್ನು ಒಂದೇ ನೀರಿನಲ್ಲಿ ತೊಳೆದು ಒಲೆಗಿಟ್ಟರೆ, “ನಿಮ್ಮ ಸೀಮೇಲಿ ನೀರು ಕಂಡಿದ್ರೆ ತಾನೆ!” ಅನ್ನುವರು. ಮುದ್ದೆಯಲ್ಲಿ ಗಂಟು ಸಿಕ್ಕಿದರೆ ಅದನ್ನು ಎತ್ತಿ ತಟ್ಟೆಯ ಅಂಚಿಗೆ, ಎಲ್ಲರಿಗೂ ಕಾಣುವಂತೆ ಇಡುವರು. ಅವಳು ಎದುರು ಮಾತಾಡುತ್ತಿರಲಿಲ್ಲ. ನಾನೂ ಅವಳ ಪರವಾಗಿ ಮಾತಾಡುತ್ತಿರಲಿಲ್ಲ. ಬೈಸಿಕೊಳ್ಳುವುದಕ್ಕೆ ಇನ್ನೊಬ್ಬಳು ಬಂದರೆ ಹಿರೀ ಸೊಸೆಗೆ ಬೆನ್ನು ಹಗುರ.

ಒಂದು ಆಷಾಢದ ಮಂಗಳವಾರ ಊರಮ್ಮನ ಗುಡಿಗೆ ತಂಬಿಟ್ಟಿನ ಆರತಿ ತೆಗೆದುಕೊಂಡು ಹೋಗಿದ್ದೆವು. ತಮಟೆ ಜೋರಾಯಿತು. ಪಕ್ಕದಲ್ಲಿ ನಿಂತಿದ್ದ ಅವಳು ತನ್ನ ತಟ್ಟೆಯನ್ನು ನನ್ನ ಕೈಗೆ ತುರುಕಿ ಒಂದು ಕೂಗು ಹಾಕಿದಳು ನೋಡಿ, ತಮಟೆಯವರೇ ಬೆಚ್ಚಿ ನಿಲ್ಲಿಸಿಬಿಟ್ಟರು. ಜಡೆ ಬಿಚ್ಚಿಹೋಯಿತು, ಮೈ ಗಡಗಡ ನಡುಗಿತು. ಪೂಜಾರಪ್ಪ ಬೇವಿನ ಸೊಪ್ಪು ಹಿಡಿದು ಓಡಿ ಬಂದು, “ಯಾರವ್ವಾ ತಾಯಿ ನೀನು? ಯಾಕೆ ಬಂದೆ?” ಅಂತ ಕೇಳಿದ.

“ನನ್ನ ಗುಡೀಲಿ ನಿಂತ್ಕಂಡು ನನ್ನೇ ಯಾರು ಅಂತೀಯೇನ್ಲಾ?”

ಪೂಜಾರಪ್ಪ ದಡಕ್ಕನೆ ನೆಲಕ್ಕೆ ಬಿದ್ದ. ಅವನ ಹಿಂದೆ ಅತ್ತೆ ಬಿದ್ದರು. ಅತ್ತೆಯ ಹಿಂದೆ ನನ್ನ ಗಂಡ, ಮದುವೆಯಲ್ಲಿ ನಮ್ಮಪ್ಪನ ಕಾಲಿಗೂ ಅರ್ಧ ಮಾತ್ರ ಬಗ್ಗಿದ್ದ ಮನುಷ್ಯ, ತಮ್ಮನ ಹೆಂಡತಿಯ ಕಾಲ ಬಳಿ ಉದ್ದಕ್ಕೆ ಮಲಗಿದರು. ನನ್ನ ಎರಡು ಕೈಯಲ್ಲೂ ಆರತಿ ತಟ್ಟೆ. ಬೀಳುವುದಕ್ಕೂ ಆಗಲಿಲ್ಲ, ಬೀಳದೆ ಇರುವುದಕ್ಕೂ ಆಗಲಿಲ್ಲ. ಎಲ್ಲರೂ ಮಲಗಿರುವ ಕಡೆ ನಾನೊಬ್ಬಳು ಕಂಬದ ಹಾಗೆ ನಿಂತಿದ್ದೆ.

ಅಲ್ಲಿಂದ ಮುಂದೆ ಮಂಗಳವಾರ, ಶುಕ್ರವಾರ ಸಂಜೆ ಅಮ್ಮ ನಮ್ಮ ಮನೆಯ ಪಡಸಾಲೆಗೇ ಬರತೊಡಗಿದಳು. ಊರಲ್ಲಿ ಮೊದಮೊದಲು ಕುಚೋದ್ಯ ಮಾಡಿದವರೂ ಇದ್ದರು. ಅವರ ಬಾಯಿ ಮುಚ್ಚಿಸಿದ್ದು ಡೈರಿಯಲ್ಲಿ ಹಾಲು ಅಳೆಯುವವನ ಪ್ರಸಂಗ. ಅವನು ಬರೀ ನೋಡಿ ಹೋಗಲು ಬಂದು ಬಾಗಿಲ ಹೊರಗೆ ನಿಂತಿದ್ದ. ಅಮ್ಮ ಜನರ ನಡುವಿಂದ ಬೆರಳು ತೋರಿಸಿ, “ಏ, ಬಾಗ್ಲ ಮರೇಲಿ ನಿಂತೋನೆ! ಬಡವ್ರ ಹಾಲು ಯಾರ ಮನೆ ಸೇರ್ತಾ ಅದೆ ಅಂತ ಹೇಳ್ಲಾ? ಬರೋ ಅಮಾಸೆಗೆ ನಿನ್ನ ಬಾಗ್ಲಲ್ಲಿ ನಿಂತ್ಕತೀನಿ” ಅಂದಳು. ಅವನು ನಿಜವಾಗಿ ಏನಾದರೂ ಮಾಡಿದ್ದನೋ ಇಲ್ಲವೋ ನನಗೆ ಗೊತ್ತಿಲ್ಲ. ಅಮಾವಾಸ್ಯೆ ಬರುವ ಹೊತ್ತಿಗೆ ಜ್ವರ ಬಂದು, ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿಸಿಕೊಂಡು ಒಳಗೆ ಕಂಬಳಿ ಹೊದ್ದು ಮಲಗಿದ್ದ. ಹೆಂಡತಿ ಬಂದು ನಮ್ಮ ಓರಗಿತ್ತಿಯ ಕಾಲು ಹಿಡಿದು ಅತ್ತಳು. ಓರಗಿತ್ತಿ ಕೊಟ್ಟ ತೀರ್ಥ ಬಿದ್ದ ಮೇಲೆ ಅವನು ಎದ್ದ.

ಆಮೇಲೆ ಕೇಳಬೇಕೇ! ಬೋರು ಕೊರೆಸುವವರು, ಹೆಣ್ಣು ನೋಡುವವರು, ಕಳೆದ ಎಮ್ಮೆ ಹುಡುಕುವವರು ಎಲ್ಲ ಬಂದರು. ಚಿನಕುರಳಿ ಕಡೆಯ ಕಲ್ಲುಕ್ವಾರಿಗಳಲ್ಲಿ ಮದ್ದು ಸಿಡಿಸುವ ಆಳುಗಳು ಕೈಗೆ ಅಮ್ಮನ ದಾರ ಕಟ್ಟಿಸಿಕೊಳ್ಳದೆ ಕೆಲಸಕ್ಕೆ ಇಳಿಯದ ಹಾಗಾಯಿತು. “ಅಮ್ಮ ಬಾಗ್ಲಲ್ಲಿ ನಿಂತ್ಕತಾಳೆ” ಅಂದರೆ ಸಾಕು, ಜಗಳವಾಡುತ್ತಿದ್ದ ಅಣ್ಣತಮ್ಮಂದಿರು ಬದುವಿನ ಕಲ್ಲನ್ನು ತಾವೇ ಎತ್ತಿ ಹಿಂದಕ್ಕೆ ಇಡುತ್ತಿದ್ದರು.

ನನಗೂ ಅಮ್ಮನ ಮೇಲೆ ಭಯಭಕ್ತಿ ಇತ್ತು, ಇಲ್ಲವೆಂದಲ್ಲ. ಆದರೆ ಅಮ್ಮ ಬಂದು ಹೋದ ಮೇಲೆ ಉಳಿಯುವವಳು ಓರಗಿತ್ತಿಯಲ್ಲವೇ? ಅವಳನ್ನು ನೋಡಿದರೆ ನನಗೆ ತಡೆಯಲು ಆಗುತ್ತಿರಲಿಲ್ಲ. ಅತ್ತೆ ಅವಳಿಗೆ ಬೆಳಿಗ್ಗೆ ಎದ್ದ ಕೂಡಲೇ ಬಿಸಿನೀರು ಕಾಯಿಸಿ ಕೊಡುವರು. ಮಂಗಳವಾರ, ಶುಕ್ರವಾರ ಅವಳು ಮಡಿ, ಒಲೆ ಮುಂದೆ ಬರುವಂತಿಲ್ಲ. ಆ ಎರಡು ದಿನದ ಪಾತ್ರೆ, ಸಗಣಿ, ಬಂದವರಿಗೆಲ್ಲ ಕಾಫಿ, ಎಲ್ಲ ನನ್ನ ಪಾಲಿಗೆ. ಹರಕೆ ಸೀರೆಗಳು ಅವಳ ಟ್ರಂಕಿನಲ್ಲಿ ಹಿಡಿಸದೆ ನನ್ನ ಟ್ರಂಕಿಗೆ ಬಂದವು, ಇಟ್ಟುಕೊಂಡಿರು ಅಂತ, ಉಟ್ಟುಕೋ ಅಂತ ಅಲ್ಲ. ಮುದ್ದೆಯಲ್ಲಿ ಗಂಟು ಈಗಲೂ ಇರುತ್ತಿತ್ತು. ಅತ್ತೆ ಅದನ್ನು ಮಾತಾಡದೆ ನುಂಗುತ್ತಿದ್ದರು.

ಒಂದು ಸಲ ಬಾಡಿಗೆ ವ್ಯಾನು ಮಾಡಿ ಅವಳನ್ನು ಶ್ರೀರಂಗಪಟ್ಟಣದ ಸಂಗಮಕ್ಕೆ ಮೀಯಿಸಲು ಕರೆದುಕೊಂಡು ಹೋದರು. ಮದುವೆಯಾದಾಗಿನಿಂದ ನಾನು ಕೇಳುತ್ತಿದ್ದೆ, ಒಂದು ಸಲ ಸಂಗಮಕ್ಕೆ ಕರೆದುಕೊಂಡು ಹೋಗಿ ಅಂತ. “ನೀನೂ ಬಂದ್ರೆ ದನ ಕಟ್ಟೋರು ಯಾರು?” ಅಂದರು ನನ್ನ ಗಂಡ. ವ್ಯಾನಿನಲ್ಲಿ ಜಾಗ ಇಲ್ಲವೇ ಅಂದರೆ ಇತ್ತು. ಪಕ್ಕದ ಮನೆಯ ಅಜ್ಜಿಯೂ ಹತ್ತಿ ಕೂತಿದ್ದರು.

ಆ ಹೊಟ್ಟೆಕಿಚ್ಚಿನಲ್ಲೇ ಒಂದು ಶುಕ್ರವಾರ ನಾನೂ ತಣ್ಣೀರಿನಲ್ಲಿ ತಲೆ ನೆನೆಸಿ, ಕೂದಲು ಬಿಟ್ಟುಕೊಂಡು, ಗುಡಿಯಲ್ಲಿ ತಮಟೆಗೆ ತೀರಾ ಹತ್ತಿರ ನಿಂತೆ. ಬರುವುದಾದರೆ ಬರಲಿ, ಹಿರೀ ಸೊಸೆ ನಾನಿದ್ದೇನೆ ಅಂತ ಕಣ್ಣು ಮುಚ್ಚಿದೆ. ಕಿವಿ ಗುಂಯ್ ಅಂದದ್ದು ಬಿಟ್ಟರೆ ಏನೂ ಆಗಲಿಲ್ಲ. ಮನೆಗೆ ಬರುವಾಗ ಸೀನು ಶುರುವಾಯಿತು. ನೆಗಡಿ ಹಿಡಿದು ಕೂತೆ.

ಆ ದಿನಗಳಲ್ಲಿ ನನಗೆ ಉಳಿದಿದ್ದ ಒಂದೇ ಹೆಚ್ಚುಗಾರಿಕೆ ಮಡ್ಲಕ್ಕಿಯದು. ನಮ್ಮಲ್ಲಿ ಅಮ್ಮ ಮೈಮೇಲೆ ಬಂದರೆ ಮನೆಗೆ ಹೆಣ್ಣುಮಗಳು ಬಂದ ಲೆಕ್ಕ. ತವರಿಗೆ ಬಂದ ಮಗಳನ್ನು ಬರಿಮಡಿಲಲ್ಲಿ ಕಳಿಸುವುದಿಲ್ಲ. ಹಾಗೆಯೇ ಅಮ್ಮನಿಗೂ ಅಕ್ಕಿ, ಬೆಲ್ಲ, ಕೊಬ್ಬರಿ, ಎಲೆಅಡಿಕೆ, ಒಂದು ರವಿಕೆ ಕಣ ಮಡಿಲಿಗೆ ಹಾಕಿ ಕಳಿಸಬೇಕು. ಹಾಕಬೇಕಾದವಳು ಮನೆಯ ಹಿರೀ ಸೊಸೆ, ಅಂದರೆ ಅಮ್ಮನಿಗೆ ಅತ್ತಿಗೆ. ಮಡ್ಲಕ್ಕಿ ಬೀಳದೆ ಅಮ್ಮ ಇಳಿಯುವುದಿಲ್ಲ. ದಿನವೆಲ್ಲ ನನ್ನನ್ನು ಅಕ್ಕಾ ಅನ್ನುವ ಓರಗಿತ್ತಿ, ಆ ಹೊತ್ತಿಗೆ ಮಾತ್ರ, “ಅತ್ತಿಗೇ, ಹೊತ್ತಾಯ್ತು, ಕಳ್ಸಿಕೊಡು” ಅಂತ ಕೂಗುವಳು. ನಾನು ಮಡಿಲು ತುಂಬುವೆನು. ಅವಳು ಕುಸಿದು ಕೂತು, ನೀರು ಕೇಳುವಳು.

ಶ್ರಾವಣ ಕಳೆದ ಮೇಲೆ ಒಂದು ಶುಕ್ರವಾರ ಅಮ್ಮ ಬಂದವಳು ಯಾರ ಪ್ರಶ್ನೆಗೂ ಉತ್ತರ ಕೊಡದೆ ಕೊಟ್ಟಿಗೆ ಕಡೆ ತಿರುಗಿದಳು.

“ಈ ಮನೇಲಿ ನಂದೊಂದು ಹಸ ಅದೆ. ಹಣೇಲಿ ನನ್ನ ಬೊಟ್ಟು ಇಕ್ಕಂಡು ನಿಂತದೆ. ಅಮಾಸೆ ಒಳಗೆ ತಂದು ಗುಡಿ ಮುಂದೆ ಕಟ್ಟಿ. ಇಲ್ದಿದ್ರೆ ಈ ಬಾಗ್ಲಲ್ಲೇ ನಿಂತ್ಕತೀನಿ.”

ಆವತ್ತೂ ಮಡ್ಲಕ್ಕಿ ಹಾಕಿ ಕಳಿಸಿದೆ. ಗುಡಿಗೆ ಬಿಟ್ಟ ಹಸುವಿನ ಹಾಲು ಅಮ್ಮನ ಅಭಿಷೇಕಕ್ಕೆ ಮಾತ್ರ. ಅದನ್ನು ಮತ್ತೆ ಮನೆಯ ಗೂಟಕ್ಕೆ ಕಟ್ಟುವಂತಿಲ್ಲ, ಮಗುವಿಗೆ ಒಂದು ಒಳಲೆ ಹಾಲು ಕರೆಯುವಂತಿಲ್ಲ.

ಅತ್ತೆ ಆ ಕೂಡಲೇ ಒಪ್ಪಿಕೊಂಡರು. “ದೇವ್ರೇ ಬಾಯ್ಬುಟ್ಟು ಕೇಳವ್ಳೆ. ಯಾವ ಜನ್ಮದ ಪುಣ್ಯವೋ ಕಣಮ್ಮಿ ನಿಂದು” ಅಂದರು.

“ಪುಣ್ಯ ನಂಗೆ ಬ್ಯಾಡ ಅತ್ತೆ, ಹಸ ಸಾಕು.”

“ಬಾಯ್ಮುಚ್ಚು! ಮನೇಲಿ ಕೂಸದೆ. ಬಾಗ್ಲಲ್ಲಿ ಬಂದು ನಿಂತ್ಕಂಡ್ರೆ ಏನ್ಮಾಡೀಯೆ?”

ಅಮ್ಮ ಬಾಗಿಲಲ್ಲಿ ನಿಂತರೆ ಮೊದಲು ಜ್ವರ ಬೀಳುವುದು ಮನೆಯ ಮಕ್ಕಳಿಗೆ ಅನ್ನುವುದು ಊರಿನ ನಂಬಿಕೆ. ಅಲ್ಲೇ ಇತ್ತು ಎಲ್ಲರನ್ನೂ ಹಿಡಿದಿದ್ದ ಹಗ್ಗ. ಗಂಡನನ್ನು ಕೇಳಿದೆ. ಅವರು ಗೋಡೆ ನೋಡುತ್ತಾ, “ಬೇರೆ ಹಸ ತಂದ್ರಾಯ್ತು ಬುಡು” ಅಂದರು. ಬೇರೆ ಹಸು ತಂದರೆ ಅದು ಮನೆಯ ಹಸುವಾಗುತ್ತದೆ ಅನ್ನುವುದು ಅವರಿಗೆ ಹೊಳೆಯಲೇ ಇಲ್ಲ.

ಮಾರನೇ ದಿನ ಹಿತ್ತಲಲ್ಲಿ ಓರಗಿತ್ತಿ ಬಟ್ಟೆ ಒಗೆಯುತ್ತಿದ್ದಳು. ಹೋಗಿ ನಿಂತೆ.

“ಹಸ ಕೇಳಿದ್ದು ಅಮ್ಮನೋ, ನೀನೋ?”

“ಯಾವ ಹಸ ಅಕ್ಕಾ?” ಅಂದಳು. ಆಮೇಲೆ, “ಅತ್ತೆ ಹೇಳಿದ್ರು. ನಂಗೇನು ಗೊತ್ತಕ್ಕಾ, ಆಗ ನಾನು ಅಲ್ಲಿರ್ತೀನಾ?” ಅಂದು ಬಟ್ಟೆ ಹಿಂಡಿದಳು. ಮುಖ ನೋಡಿದೆ. ಸುಳ್ಳು ಕಾಣಲಿಲ್ಲ, ನಿಜವೂ ಕಾಣಲಿಲ್ಲ. ಅವಳು ತನ್ನ ಮೈ ಬಿಟ್ಟು ಅಷ್ಟು ಸಲೀಸಾಗಿ ಹೋಗಿ ಬರುತ್ತಾಳಲ್ಲ, ನನಗೆ ಹಗಲೆಲ್ಲ ಇದೇ ಮನೆ, ಇದೇ ಮೈ ಅಂತ ಇನ್ನಷ್ಟು ಉರಿಯಿತು.

ಮಂಗಳವಾರ ಬಂತು. ಅಮಾವಾಸ್ಯೆಗೆ ಮುಂಚಿನ ಕೊನೆಯ ಮಂಗಳವಾರ. ಹಸು ಬಿಡುತ್ತಾರಂತೆ ಅಂತ ಸುದ್ದಿ ಹರಡಿ, ದೀಪ ಹಚ್ಚುವ ಹೊತ್ತಿಗೆ ಪಡಸಾಲೆ ತುಂಬಿ ಜನ ಅಂಗಳಕ್ಕೂ ಇಳಿದಿದ್ದರು. ಅತ್ತೆ ಹಸುವಿನ ಕೊಂಬಿಗೆ ಅರಿಸಿನ ಬಳಿದು, ಹೊಸ ಹಗ್ಗ ಹಾಕಿಸಿದ್ದರು. ಅಮ್ಮ ಬಂದಳು. ಕೇಳಿದವರಿಗೆಲ್ಲ ಹೇಳಿದಳು, ಗದರಿದಳು, ದಾರ ಕೊಟ್ಟಳು. ಕೊನೆಗೆ ನನ್ನ ಕಡೆ ತಿರುಗಿದಳು.

“ಅತ್ತಿಗೇ, ಹೊತ್ತಾಯ್ತು, ಕಳ್ಸಿಕೊಡು.”

ನಾನು ಮಡ್ಲಕ್ಕಿಯ ಮೊರ ಎತ್ತಿಕೊಂಡೆ. ಹಾಕಲಿಲ್ಲ. ಮೊದಲೇ ಯೋಚನೆ ಮಾಡಿಕೊಂಡದ್ದೇನೂ ಅಲ್ಲ. ಅತ್ತಿಗೇ ಅನ್ನುವ ಆ ಮಾತು ಕಿವಿಗೆ ಬಿದ್ದಾಗ ಬಾಯಿಗೆ ತಾನೇ ಬಂತು.

“ಕಳ್ಸಿಕೊಡ್ತೀನಿ ಕಣವ್ವ. ಅದ್ಕೆ ಮುಂಚೆ ಒಂದು ಮಾತು. ನೀನು ಈ ಮನೆ ಹೆಣ್ಮಗಳು ತಾನೆ?”

“ಹೂಂ ಕಣೆ.”

“ನಾನು ನಿನ್ನ ಅತ್ತಿಗೆ ತಾನೆ?”

“ಹೂಂ.”

ಅತ್ತೆ ನನ್ನ ಸೆರಗು ಜಗ್ಗಿದರು. “ಏನಮ್ಮಿ ಇದು, ಹಾಕಮ್ಮಿ ಮೊದ್ಲು!”

“ಇರಿ ಅತ್ತೆ. ತಾಯಿ, ಈ ಹೊಲ ಗದ್ದೆ ನಿನ್ನ ಅಣ್ಣತಮ್ಮಂದಿರದು. ಕೇಳು, ಕೊಡ್ತಾರೆ. ಎತ್ತು ಕೇಳು, ಅದನ್ನೂ ಕೊಡ್ಲಿ. ಆ ಹಸ ನನ್ನ ತವರಿಂದ ಬಂದಿದ್ದು. ನಮ್ಮಪ್ಪ ನನ್ನ ಕೂಸಿಗೆ ಅಂತ ಕೊಟ್ಟಿದ್ದು. ಅತ್ತಿಗೆ ತವರಿನ ಗಂಟನ್ನ ನಾದ್ನಿ ಕೇಳೋದು ಯಾವೂರ ನ್ಯಾಯ?”

ಗಂಡಸರೆಲ್ಲ ನೆಲ ನೋಡುತ್ತಿದ್ದರು. ಆಗ ಗೋಡೆಗೆ ಒರಗಿ ಕೂತಿದ್ದ ಪಕ್ಕದ ಮನೆಯ ಅಜ್ಜಿ, ಎಲೆಅಡಿಕೆ ಬಾಯಲ್ಲೇ, “ನ್ಯಾಯವಾದ ಮಾತು ಕಣವ್ವ. ನಾದ್ನಿಗೆ ಅಣ್ಣನ ಮನೆ ಮ್ಯಾಲೆ ಹಕ್ಕು, ಅತ್ತಿಗೆ ತವರಿನ ಮ್ಯಾಲೆ ಯಾತರ ಹಕ್ಕು? ದೇವ್ರಾದ್ರೂ ಅಷ್ಟೇಯ” ಅಂದರು. ಹೆಂಗಸರ ಕಡೆಯಿಂದ ಹೂಂ, ಹೂಂ ಅಂತ ಸಣ್ಣ ಸದ್ದು ಎದ್ದಿತು. ನಾದಿನಿಯ ಕೈಲಿ ಏನಾದರೊಂದು ಕಳೆದುಕೊಳ್ಳದ ಹೆಂಗಸು ಅಲ್ಲಿ ಯಾರಿದ್ದರು?

ಅಮ್ಮ ನೆಲಕ್ಕೆ ಕಾಲು ಅಪ್ಪಳಿಸಿದಳು. “ನಂಗೇ ನ್ಯಾಯ ಹೇಳ್ತೀಯಾ? ಬಾಗ್ಲಲ್ಲಿ ನಿಂತ್ಕಂಡ್ರೆ ತಡ್ಕತೀಯಾ?”

ಒಳಗೆ ನನ್ನ ಮಗಳು ಎಚ್ಚರವಾಗಿ ಅಳುತ್ತಿದ್ದಳು. ಆದರೂ, “ನಿಂತ್ಕೋ ತಾಯಿ. ನಿನ್ನ ತವರ್ಮನೆ ಬಾಗ್ಲು, ಬ್ಯಾಡ ಅನ್ನೋಕೆ ನಾನ್ಯಾರು? ಮಡ್ಲಕ್ಕಿನೂ ಇಲ್ಲೇ ಅದೆ, ನಾನೂ ಇಲ್ಲೇ ಅವ್ನಿ” ಅಂದೆ.

ಅಮ್ಮ ನಡುಗುತ್ತಲೇ ಇದ್ದಳು. ನಾನು ಮೊರ ಹಿಡಿದು ನಿಂತೇ ಇದ್ದೆ. ಅವಳ ಕುಪ್ಪಸ ಬೆವರಿಗೆ ಒದ್ದೆಯಾಗಿತ್ತು. ಕಾಲಿನ ಮೀನಖಂಡ ಅದುರುವುದು ಕಾಣುತ್ತಿತ್ತು. ಬೆಳಗಿನಿಂದ ಉಪವಾಸ ಇದ್ದ ಮೈ. ಒಮ್ಮೆಲೇ ಅವಳು ದೊಡ್ಡ ದನಿ ತೆಗೆದು ಅತ್ತಳು.

“ಎಲ್ರಿಗೂ ಕೊಟ್ಟು ಕಳ್ಸ್ತಾರೆ. ನಂಗೂ ಒಂದು ಹಸ ಕೊಟ್ಟು ಕಳ್ಸಿದ್ರೆ ನಾನ್ಯಾಕೆ ಕೇಳ್ತಿದ್ದೆ?”

ಜನ ಅದನ್ನು ಅಮ್ಮನ ಮಾತು ಅಂದುಕೊಂಡರು. ಊರೋರೆಲ್ಲ ಸೇರಿ ತಾಯಿಗೆ ಒಂದು ಹಸು ಕೊಡಲಿಲ್ಲವಲ್ಲ ಅಂತ ಗಲ್ಲ ಗಲ್ಲ ಬಡಿದುಕೊಂಡರು. ನನ್ನ ಕಿವಿಗೆ ಆ ದನಿ ನಾಗಮಂಗಲದ ಕಡೆಯದು. ಕೈ ಬೀಸಿಕೊಂಡು ಬಂದವಳದು. ಅತ್ತೆಗೂ ಕೇಳಿಸಿತೋ ಏನೋ, ಅವರು ಒಂದು ಗಳಿಗೆ ನನ್ನ ಮುಖ ನೋಡಿದರು. ಇಷ್ಟು ದಿನ ಅವಳನ್ನು ನೋಡಿ ನಾನು ಉರಿದಷ್ಟೇ, ನನ್ನ ಹಸುವನ್ನು ನೋಡಿ ಅವಳೂ ಉರಿದಿದ್ದಳೇ? ಹಾಗಂತ ನನ್ನ ಮನಸ್ಸು ಕರಗಿತು ಅಂತ ಬರೆದರೆ ಸುಳ್ಳಾಗುತ್ತದೆ. ಹಸು ಬಿಟ್ಟುಕೊಡುವಷ್ಟು ಕರಗಲಿಲ್ಲ.

“ಕಟ್ಟು ಅತ್ತಿಗೆ ಮಡ್ಲಕ್ಕಿ,” ಅಂದಳು ಅಮ್ಮ, ಮೆಲ್ಲಗೆ. “ಹಸ ನಿಂದೇ ಇರ್ಲಿ ಬುಡು.”

ಮೊರದಲ್ಲಿದ್ದದ್ದನ್ನೆಲ್ಲ ಸುರಿದೆ. ಇನ್ನೊಂದು ಬೊಗಸೆ ಒಳಗಿನಿಂದ ತಂದು ಸುರಿದೆ. ಓರಗಿತ್ತಿ ಕುಸಿದು ಕೂತು ನೀರು ಕೇಳಿದಳು. ನಾನು ಹಾಲನ್ನೇ ಕೊಟ್ಟೆ, ಅದೇ ಹಸುವಿನದು. ಗಟಗಟನೆ ಕುಡಿದು, “ಇವತ್ತೇನಕ್ಕಾ, ಕಾಲು ಇಂಗೆ ನೋಯ್ತಾವೆ?” ಅಂದಳು.

ಗೆದ್ದೆ ಅಂದುಕೊಂಡು ಹಸುವಿನ ಕೊಂಬಿನ ಅರಿಸಿನ ತೊಳೆದೆ. ಮುಂದಿನ ಶುಕ್ರವಾರ ನೋಡಿದರೆ, ಯಾವತ್ತೂ ಇಲ್ಲದಷ್ಟು ಜನ. ನ್ಯಾಯಕ್ಕೆ ಕಟ್ಟುಬಿದ್ದು ಕೇಳಿದ್ದನ್ನು ಬಿಟ್ಟುಕೊಟ್ಟ ತಾಯಿ, ಹೆಣ್ಣುಮಕ್ಕಳ ಕಷ್ಟ ಬಲ್ಲ ತಾಯಿ ಅಂತ ಸುದ್ದಿ ಹಬ್ಬಿ, ಕೆ.ಆರ್. ಪೇಟೆ ಕಡೆಯಿಂದಲೂ ಹೆಂಗಸರು ಬಸ್ಸಿನಲ್ಲಿ ಬಂದರು. ಅಮ್ಮ ಹಸುವಿಗಾಗಿ ಅತ್ತಳು ಅನ್ನುವುದು ಎಲ್ಲರ ಬಾಯಲ್ಲಿ. ಚಿನಕುರಳಿ ಕಡೆಯಿಂದ ಕಲ್ಲು ಲಾರಿಯ ಯಜಮಾನರೊಬ್ಬರು ಒಂದು ಸೀಮೆಹಸು ಇಳಿಸಿ ಹೋದರು. ಬಿಳಿ ಮೈ, ಕುತ್ತಿಗೆಗೆ ಹಿತ್ತಾಳೆ ಗಂಟೆ, ನನ್ನದರ ಎರಡರಷ್ಟು ಹಾಲು. ಗುಡಿಗೆ ಬಿಟ್ಟ ಹಸು ಮನೆಯ ಗೂಟಕ್ಕೆ ಬರುವಂತಿಲ್ಲ ಅನ್ನುವುದು ಯಾರಿಗೂ ನೆನಪಾಗದೆ, ಗುಡಿಯ ಹತ್ತಿರ ನೆರಳಿಲ್ಲ ಅಂತ ಅದನ್ನು ನಮ್ಮ ಕೊಟ್ಟಿಗೆಯಲ್ಲೇ ಕಟ್ಟಿದರು, ಓರಗಿತ್ತಿಯ ವಶಕ್ಕೆ. ಅದು ಯಾರು ಕೈ ಹಾಕಿದರೂ ಹಾಲು ಬಿಡುತ್ತಿತ್ತು.

ಒಂದು ಸಂಜೆ ನಾನು ಹಾಲು ಕರೆಯುತ್ತಿದ್ದೆ. ಬಸ್ಸಿನಲ್ಲಿ ಬಂದ ಯಾರೋ ಹೆಂಗಸು ಕೊಟ್ಟಿಗೆಗೆ ಬಗ್ಗಿ ಇಣುಕಿ, “ಅಮ್ಮನ ಹಸ ಯಾವುದವ್ವ?” ಅಂತ ಕೇಳಿದಳು. ಗದ್ದದಿಂದ ತೋರಿಸಿದೆ. ಅವಳು ಹೋಗಿ ಬಿಳೀ ಹಸುವಿನ ಬಾಲ ಮುಟ್ಟಿ ಕಣ್ಣಿಗೊತ್ತಿಕೊಂಡಳು, ಹಣೆಗೆ ಕುಂಕುಮ ಇಟ್ಟಳು, ಗೊರಸಿಗೆ ನಮಸ್ಕಾರ ಮಾಡಿದಳು. ವಾಪಸು ಬರುವಾಗ ನನ್ನ ಹಸುವನ್ನು ನೋಡಿ, “ಇದು?”

“ಇದು ನಂದು” ಅಂದೆ.

“ಓ” ಅಂದು, ಹಾಲಿನ ಚೊಂಬು ತಗುಲದ ಹಾಗೆ ಸೀರೆ ಎತ್ತಿಕೊಂಡು ದಾಟಿ ಹೋದಳು.